ನೀಲಿ ಬೆಳಕಿನಲ್ಲಿ ನೋಡಿದ ಬಣ್ಣ

"ಈ ಉಪ್ಪುನೀರು ನಿಮ್ಮ ಅಂಗಡಿದೇ ತಾನೆ?"

ಅವಳು ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಪಕ್ಕದ ಗಾಜಿನ ತೊಟ್ಟಿಯ ಸಣ್ಣ ಮೀನುಗಳೆಲ್ಲ ಒಮ್ಮೆಲೇ ಹಿಂದೆ ಸರಿದವು. ಅಂಗಡಿಯವನು ಮಾತ್ರ ಕದಲಲಿಲ್ಲ. ಕೈಯಲ್ಲಿದ್ದ ಪೈಪನ್ನು ಪಂಪಿಗೆ ಸಿಕ್ಕಿಸಿ, ಸೋರುತ್ತದೆಯೇ ಎಂದು ಬೆರಳಿಟ್ಟು ನೋಡಿ, ಟವೆಲ್ಲಿಗೆ ಕೈ ಒರೆಸಿ, ಆಮೇಲೆ ತಲೆಯೆತ್ತಿದ.

ಇಷ್ಟು ನಿಧಾನದ ಮನುಷ್ಯರನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಮೈ ಉರಿ.

"ನಮ್ಮದೇ. ಏನಾಯ್ತು?"

"ಏನಾಯ್ತಾ? ನಮ್ಮ ಯಜಮಾನ್ರು ಊಟ ಬಿಟ್ಟಿದ್ದಾರೆ. ಮೂಲೆ ಹಿಡಿದು ಕೂತಿದ್ದಾರೆ. ಎಲ್ಲಾ ನಿಮ್ಮ ನೀರಿಂದ."

ಅವನ ಮುಖದಲ್ಲಿ ಮೊದಲ ಬಾರಿಗೆ ಗಾಬರಿ ಕಾಣಿಸಿತು. "ಅಯ್ಯೋ... ಈ ನೀರು ಕುಡಿದ್ರಾ?"

"ಕುಡಿಯೋದಲ್ಲ, ಅವರಿರೋದೇ ಅದರಲ್ಲಿ. ಯಜಮಾನ್ರು ಅಂದ್ರೆ ಮೀನು ರೀ."

ಅವನು ನಗಲಿಲ್ಲ. ಆದರೆ ನಗು ತಡೆಯಲು ತುಟಿ ಕಚ್ಚಿಕೊಂಡದ್ದು ಅವಳ ಕಣ್ಣಿಗೆ ಬಿತ್ತು. ಸಿಟ್ಟು ಇನ್ನೊಂದು ಮೆಟ್ಟಿಲು ಏರಿತು.

ಅವನು ಡಬ್ಬಿಯೊಂದರಿಂದ ಪೆನ್ನಿನಂಥ ಮೀಟರ್ ತೆಗೆದು, ಬಾಟಲಿಯ ನೀರಿನಲ್ಲಿ ಅದ್ದಿ, ಅಂಕಿ ನಿಲ್ಲುವವರೆಗೂ ಉಸಿರೆತ್ತದೆ ಕಾದ. ಎಂಟು ಪಾಯಿಂಟ್ ಎರಡು. ಸಮುದ್ರದ ಮೀನಿಗೆ ಇರಬೇಕಾದದ್ದೇ ಅಷ್ಟು. ನೀರು ಹುಳಿಯ ಕಡೆ ವಾಲಿದರೆ ಈ ಅಂಕಿ ಇಳಿಯುತ್ತದೆ, ಕ್ಷಾರದ ಕಡೆ ವಾಲಿದರೆ ಏರುತ್ತದೆ. ಅದನ್ನೇ ಪಿಎಚ್ ಎನ್ನುವುದು ಎಂದು ಅವನು ಪಾಠ ಶುರುಮಾಡಿದ.

"ಪಿಎಚ್ ಅಂದ್ರೇನು ಅಂತ ನಂಗೊತ್ತು. ಮನೇಲಿ ನಾನೇ ಟೆಸ್ಟ್ ಮಾಡಿದ್ದೀನಿ. ಏಳು ಪಾಯಿಂಟ್ ಎಂಟು ಬರ್ತಿದೆ. ನಿಮ್ಮ ಮೀಟರ್ ಕೆಟ್ಟಿರಬೇಕು."

"ಮೀಟರಾ, ಬಣ್ಣದ ಟೆಸ್ಟಾ?"

"ಬಣ್ಣದ್ದು." ಅವಳು ಕತ್ತು ನೆಟ್ಟಗೆ ಮಾಡಿದಳು. "ನಾನು ಹಲ್ಲಿನ ಲ್ಯಾಬಲ್ಲಿ ಕೆಲಸ ಮಾಡೋದು. ಕ್ಯಾಪ್ ಹಲ್ಲಿಗೆ ಬಣ್ಣ ಕೂರಿಸೋದೇ ನನ್ನ ಕಸುಬು. ನಿಮಗೆ ಕಾಣೋದು ಒಂದು ಬಿಳಿ, ನಂಗೆ ಹದಿನಾರು ಬಿಳಿ ಕಾಣುತ್ತೆ."

ಟ್ಯಾಂಕಿನಿಂದ ಬಾಟಲಿಯಲ್ಲಿ ಬಂದ ನೀರು ದಾರಿಯಲ್ಲೇ ಬದಲಾಗಿರಬಹುದು, ಮನೆಗೇ ಬಂದು ನೋಡುತ್ತೇನೆ ಎಂದ ಅವನು. ನಿಮ್ಮ ಕಣ್ಣಿನ ಮೇಲೆ ನನಗೆ ಅನುಮಾನವಿಲ್ಲ ಎಂದೂ ಸೇರಿಸಿದ.

ಜಗಳಕ್ಕೆಂದು ಸೆರಗು ಕಟ್ಟಿಕೊಂಡು ಬಂದವಳಿಗೆ ಎದುರಾಳಿಯೇ ಸಿಗದಂತಾಯಿತು.

* * *

ಟ್ಯಾಂಕ್ ಅವಳದಲ್ಲ, ಚಿಕ್ಕಮ್ಮನದು. ಚಿಕ್ಕಮ್ಮನದೂ ಅಲ್ಲ, ಹೇಳಬೇಕೆಂದರೆ ಚಿಕ್ಕಪ್ಪನದು.

ಹೆತ್ತವರಿಲ್ಲದ ಅವಳನ್ನು ಎತ್ತಿ ಆಡಿಸಿ ಸಾಕಿದವರು ಅವರಿಬ್ಬರೇ. ಚಿಕ್ಕಪ್ಪ ಕೊನೆಗಾಲದಲ್ಲಿ ಈ ಉಪ್ಪುನೀರಿನ ಹುಚ್ಚು ಹತ್ತಿಸಿಕೊಂಡು, ಹಾಲ್‌ನ ಅರ್ಧ ಗೋಡೆಗೆ ಗಾಜು ನಿಲ್ಲಿಸಿ, ಕಲ್ಲು ಜೋಡಿಸಿ, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು ತಂದು ಬಿಟ್ಟಿದ್ದರು. ಅವರು ಹೋದ ಮೇಲೆ ಚಿಕ್ಕಮ್ಮ ಅವುಗಳಲ್ಲಿ ದೊಡ್ಡದಕ್ಕೆ ಯಜಮಾನ್ರು ಎಂದು ಹೆಸರಿಟ್ಟರು. ಬೆಳಿಗ್ಗೆ ಎದ್ದ ಕೂಡಲೇ ಗಾಜಿನ ಮುಂದೆ ನಿಂತು ಮನೆಯ ಕಷ್ಟಸುಖವೆಲ್ಲ ಅದರ ಕಿವಿಗೆ ಹಾಕುತ್ತಿದ್ದರು. ಮೀನಿಗೆ ಕಿವಿ ಎಲ್ಲಿದೆ ಎಂದು ಅವರನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಈಗ ಚಿಕ್ಕಮ್ಮ ಮಗಳ ಹೆರಿಗೆಗೆಂದು ದೂರದೂರಿಗೆ ಹೋಗಿದ್ದರು. ಹೋಗುವಾಗ ಅವಳ ಎರಡೂ ಕೈ ಹಿಡಿದು, "ಏ ಗಡಿಬಿಡಿ, ನಾನು ಬರೋವರೆಗೂ ಯಜಮಾನ್ರು ನಿನ್ನ ಜವಾಬ್ದಾರಿ" ಎಂದಿದ್ದರು. ಗಡಿಬಿಡಿ ಎಂಬುದು ಅವಳಿಗೆ ಅವರಿಟ್ಟ ಹೆಸರು. ಅಡ್ಡಹೆಸರು ಇಷ್ಟು ಸರಿಯಾಗಿ ಹೊಂದುವುದು ಅಪರೂಪ. ಹಾಲು ಉಕ್ಕುವ ಮೊದಲೇ ಒಲೆ ಆರಿಸುವವಳು, ಕಳಿಸಿದ ಮೆಸೇಜಿಗೆ ಉತ್ತರ ಬರುವ ಮೊದಲೇ ಇನ್ನೊಂದು ಕಳಿಸುವವಳು ಅವಳು.

ಚಿಕ್ಕಮ್ಮ ಹೋದ ವಾರದಲ್ಲೇ, ಆ ಅಂಗಡಿಯಿಂದ ತರಿಸಿದ ಹೊಸ ಉಪ್ಪುನೀರು ಟ್ಯಾಂಕಿಗೆ ಬಿದ್ದ ಮೇಲೆ, ಯಜಮಾನ್ರು ಒಪ್ಪತ್ತು ಊಟ ಬಿಟ್ಟರು. ಪರೀಕ್ಷೆಯ ಕಿಟ್ ತಂದಳು, ಪಿಎಚ್ ಏರಿಸುವ ಪುಡಿ ತಂದಳು, ಸುರಿದಳು. ಮರುದಿನ ಮೀನು ಇನ್ನೂ ಮಂಕಾಯಿತು. ಇನ್ನಷ್ಟು ಸುರಿದಳು. ಪ್ರತಿ ಸಂಜೆ ಚಿಕ್ಕಮ್ಮ ವೀಡಿಯೊ ಕರೆ ಮಾಡಿ, ಮೊಮ್ಮಗುವಿನ ಮುಖ ತೋರಿಸುವ ಮೊದಲೇ "ಎಲ್ಲಿ, ಯಜಮಾನ್ರನ್ನ ತೋರ್ಸು" ಎನ್ನುತ್ತಿದ್ದರು. ಅವಳು ಫೋನನ್ನು ಬೇಗಬೇಗ ತಿರುಗಿಸಿ, ಮಲಗಿದ್ದಾರೆ ಚಿಕ್ಕಮ್ಮ ಎಂದು ತಪ್ಪಿಸಿಕೊಳ್ಳುತ್ತಿದ್ದಳು.

ಒಂದು ಮೀನು ಸತ್ತರೆ ಇನ್ನೊಂದು ತರಬಹುದು. ಆದರೆ ಚಿಕ್ಕಮ್ಮ ಎರಡನೇ ಸಲ ವಿಧವೆಯಾಗುವುದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ.

* * *

ಅವನು ಭಾನುವಾರ ಮಧ್ಯಾಹ್ನ ಬಂದ. ಚಪ್ಪಲಿ ಬಿಟ್ಟು, ಟ್ಯಾಂಕಿನ ಮುಂದೆ ಮೊಣಕಾಲೂರಿ ಕುಳಿತು, ಮೀನು ನೋಡುವುದರಲ್ಲೇ ಮುಳುಗಿಹೋದ.

"ಏನಾದ್ರೂ ಮಾಡಿ..." ಅವಳು ಹಿಂದೆ ನಿಂತು ಬೆರಳು ಹಿಸುಕುತ್ತಿದ್ದಳು.

"ಮಾಡ್ತಾ ಇದ್ದೀನಲ್ಲ. ನೋಡ್ತಾ ಇದ್ದೀನಿ."

ಮೀಟರ್ ಸರಿಯಾಗಿಯೇ ತೋರಿಸಿತು, ಸ್ವಲ್ಪ ಮೇಲೆಯೇ ಇತ್ತು ಎನ್ನಬೇಕು. ದೀಪ ಉರಿಯುವಾಗ ಪಿಎಚ್ ಏರುತ್ತದೆ, ಕತ್ತಲಲ್ಲಿ ಇಳಿಯುತ್ತದೆ, ಬೆಳಿಗ್ಗೆ ನೋಡಿದರೆ ಕಡಿಮೆ ಕಾಣುವುದು ಸಹಜ ಎಂದ ಅವನು. ಸಮುದ್ರದ ಜೀವಗಳು ಸ್ವಲ್ಪ ಹೆಚ್ಚಾದರೂ ತಾಳಿಕೊಳ್ಳುತ್ತವೆ, ಸ್ವಲ್ಪ ಕಡಿಮೆಯಾದರೂ ತಾಳಿಕೊಳ್ಳುತ್ತವೆ, ದಿನಕ್ಕೊಂದು ಥರ ಆದರೆ ಮಾತ್ರ ತಾಳಲಾರವು ಎಂದ. ಅವಳು ಪುಡಿ ಹಾಕಿದ್ದನ್ನು ಒಪ್ಪಿಕೊಂಡಾಗ ಬಯ್ಯಲೂ ಇಲ್ಲ.

"ಇನ್ನು ಮೇಲೆ ಏನೂ ಹಾಕಬೇಡಿ. ಸುಮ್ನೆ ಬಿಡಿ. ತಾನಾಗೇ ಸರಿಹೋಗುತ್ತೆ."

ಸುಮ್ನೆ ಬಿಡಿ... ಆ ಮಾತು ಕೇಳಿದ್ದೇ ತಡ, ಅವಳ ಮುಖದ ಬಣ್ಣ ಇಳಿದುಹೋಯಿತು. ಅವನು ಗಮನಿಸಿದ, ಕೇಳಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು, "ಇನ್ನೊಂದು ವಿಷಯ. ಈ ಜಾತೀಲಿ ದೊಡ್ಡದು ಯಾವಾಗಲೂ ಹೆಣ್ಣು. ನಿಮ್ಮ ಯಜಮಾನ್ರು ಯಜಮಾನ್ರಲ್ಲ" ಎಂದ.

"ದಯವಿಟ್ಟು ಚಿಕ್ಕಮ್ಮನ ಮುಂದೆ ಬಾಯಿ ಬಿಡಬೇಡಿ."

ಇಬ್ಬರಿಗೂ ಒಟ್ಟಿಗೇ ನಗು ಬಂತು. ಅವನು ನಕ್ಕಾಗ ಕಣ್ಣು ಪೂರ್ತಿ ಮುಚ್ಚಿಹೋಗುವುದನ್ನು ಅವಳು ಅಂದೇ ನೋಡಿದ್ದು. ಬಾಗಿಲು ಹಾಕಿದ ಮೇಲೂ ಸ್ವಲ್ಪ ಹೊತ್ತು ಅದೇ ಕಣ್ಣೆದುರಿಗಿತ್ತು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ, ಏನೂ ಹಾಕುವುದಿಲ್ಲ, ಬರೀ ನೋಡುತ್ತೇನೆ ಎಂದುಕೊಂಡು ಪರೀಕ್ಷೆ ಮಾಡಿದಳು. ಬೆಳಗಿನ ಹೊತ್ತು ಟ್ಯಾಂಕಿನ ನೀಲಿ ದೀಪ ಮಾತ್ರ ಹತ್ತಿಕೊಳ್ಳುತ್ತಿತ್ತು. ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆಂದು ಚಿಕ್ಕಮ್ಮ ಕಿಟಕಿಯ ಪರದೆ ತೆಗೆಯಲು ಬಿಡುತ್ತಿರಲಿಲ್ಲ. ಆ ನೀಲಿಯಲ್ಲಿ ಅವಳು ಗಾಜಿನ ಕೊಳವೆಯನ್ನು ಬಣ್ಣದ ಕಾರ್ಡಿನ ಪಕ್ಕ ಹಿಡಿದಳು. ನೇರಳೆ ಇರಬೇಕಾದ ನೀರು ಮಬ್ಬು ಕಂದಾಗಿತ್ತು. ಏಳು ಪಾಯಿಂಟ್ ಎಂಟು!

ಅವನು ಹೇಳಿದ್ದು ನೆನಪಿತ್ತು. ಆದರೆ ಅದಕ್ಕೂ ಮುಂಚೆ ಇನ್ನೊಬ್ಬರು ಹೇಳಿದ್ದೂ ನೆನಪಿತ್ತು. ಎದೆ ಉಜ್ಜಿಕೊಳ್ಳುತ್ತ ಕುರ್ಚಿಯಲ್ಲಿ ಕುಳಿತ ಚಿಕ್ಕಪ್ಪ, "ಗ್ಯಾಸ್ ಇರಬೇಕು ಕಣೇ, ಸುಮ್ನೆ ಬಿಡು, ತಾನಾಗೇ ಸರಿಹೋಗುತ್ತೆ" ಎಂದಿದ್ದರು. ಅವಳು ಬಿಟ್ಟಿದ್ದಳು.

ಒಂದು ಚಮಚ ಪುಡಿ. ಒಂದೇ ಒಂದು. ಅವನಿಗೇನು ಗೊತ್ತಾಗುತ್ತದೆ?

* * *

ಅವನು ಮತ್ತೆ ಬಂದ. ಆಮೇಲೆ ನೆಪವಿಲ್ಲದೆಯೂ ಬರತೊಡಗಿದ. ಪಂಪಿನ ಸದ್ದು ಕೇಳಿ ನೋಡಬೇಕು ಎನ್ನುತ್ತಿದ್ದ, ಈ ಕಡೆ ಬಂದಿದ್ದೆ ಎನ್ನುತ್ತಿದ್ದ. ಅವನ ಅಂಗಡಿ ಇದ್ದದ್ದು ಆ ಕಡೆ, ಅವನ ಮನೆ ಇನ್ನೂ ಆ ಕಡೆ. ಅವಳು ಕಾಫಿ ಮಾಡುತ್ತಿದ್ದಳು. ಅವನು ಅದು ಪೂರ್ತಿ ತಣ್ಣಗಾಗುವವರೆಗೆ ಕುಡಿಯದೆ ಹಿಡಿದುಕೊಂಡು, ಅಪ್ಪ ಸಾಕಿದ ಮೊದಲ ಮೀನಿನ ಕಥೆ ಹೇಳುತ್ತಿದ್ದ. ಅವಳು ಲ್ಯಾಬಿನ ಕಥೆ ಹೇಳುತ್ತಿದ್ದಳು. ಯಾರದೋ ನಗುವಿಗೆ ತಾನು ಬಣ್ಣ ಕೊಡುತ್ತೇನೆ, ಆದರೆ ಆ ನಗುವನ್ನು ನೋಡುವುದೇ ಇಲ್ಲ ಎಂದಾಗ ಅವನು, "ಹಾಗಾದ್ರೆ ನನ್ನ ಹಲ್ಲು ಯಾವ ನಂಬರ್ ಬಿಳಿ?" ಎಂದು ಹಲ್ಲು ಕಿರಿದು ತೋರಿಸಿದ್ದ. ಅವಳು ನಾಚಿ ಒಳಗೆ ಓಡಿದ್ದಳು.

ಆದರೆ ಮೀಟರ್ ಮಾತ್ರ ದಿನಕ್ಕೊಂದು ಹಾಡು ಹಾಡುತ್ತಿತ್ತು. ಒಮ್ಮೆ ಸರಿ, ಒಮ್ಮೆ ತೀರಾ ಮೇಲೆ, ಮತ್ತೆ ಸರಿ. ಅವನ ಹಣೆಯಲ್ಲಿ ಗೆರೆಗಳು ಮೂಡಿದವು. ಯಜಮಾನ್ರು ಕಲ್ಲಿನ ಹಿಂದಿನಿಂದ ಹೊರಗೇ ಬರುತ್ತಿರಲಿಲ್ಲ.

ಒಂದು ದಿನ ಅವನು ಮೀಟರ್ ಒರೆಸಿ ಡಬ್ಬಿಯಲ್ಲಿಟ್ಟು ಅವಳ ಕಡೆ ತಿರುಗಿದ.

"ಏನಾದ್ರೂ ಹಾಕ್ತಿದ್ದೀರಾ?"

ಈಗ ಹೇಳಿಬಿಡಬೇಕು ಎಂದುಕೊಂಡಳು. ಬಾಯಿ ತೆರೆದಳು. ಹೇಳಿದರೆ ಅವನು ಎದ್ದು ಹೋಗುತ್ತಾನೆ, ಇನ್ನು ಬರುವುದಿಲ್ಲ... ಆ ಕಣ್ಣು ಮುಚ್ಚುವ ನಗು ಇನ್ನಿಲ್ಲ...

"ಇಲ್ಲ."

ಅವನು ತಲೆಯಾಡಿಸಿದ. "ಸರಿ. ಹಾಗಿದ್ರೆ ತಪ್ಪು ನಂದೇ."

ಹಾಗೆಂದರೇನು ಎಂದು ಅವಳು ಕೇಳುವಷ್ಟರಲ್ಲಿ ಮೆಟ್ಟಿಲಿಳಿದಿದ್ದ.

ಆಮೇಲೆ ಅವನು ಬರಲಿಲ್ಲ. ಫೋನ್ ಮಾಡಿದರೆ ರಿಂಗ್ ಆಗಿ ನಿಲ್ಲುತ್ತಿತ್ತು. 'ಕೆಲಸದಲ್ಲಿದ್ದೀನಿ, ಆಮೇಲೆ ಮಾತಾಡ್ತೀನಿ' ಎಂಬ ಒಂದು ಮೆಸೇಜ್ ಬಂತು, ಆ ಆಮೇಲೆ ಬರಲೇ ಇಲ್ಲ. ಅವಳು ಲ್ಯಾಬಿನಲ್ಲಿ ಒಂದೇ ಹಲ್ಲಿಗೆ ಎರಡು ಸಲ ಬಣ್ಣ ಕೊಟ್ಟಳು. ಮನೆಯಲ್ಲಿ ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ಕಾಲು ಸುಟ್ಟ ಬೆಕ್ಕಿನಂತೆ ಓಡಾಡಿದಳು.

ಗೊತ್ತಾಗಿರಬೇಕು ಎನಿಸಿತು. ಇಲ್ಲ, ಬೇಸರವಾಗಿರಬೇಕು. ಅಥವಾ ಮೊದಲಿನಿಂದಲೂ ಏನೂ ಇರಲೇ ಇಲ್ಲವೇನೋ, ಪಂಪಿನ ಸದ್ದು ಕೇಳಲು ಬಂದವನು ಪಂಪಿನ ಸದ್ದನ್ನೇ ಕೇಳಿ ಹೋಗಿರಬಹುದು!

* * *

ಲ್ಯಾಬಿಗೆ ಒಂದು ಕ್ಯಾಪ್ ಹಲ್ಲು ವಾಪಸು ಬಂತು. ಬಣ್ಣ ಹೊಂದುತ್ತಿಲ್ಲ ಎಂದು ಹಲ್ಲಿನ ಡಾಕ್ಟರು ಫೋನಿನಲ್ಲಿ ರೇಗಾಡುತ್ತಿದ್ದರು. ತಾನು ಕೊಟ್ಟ ಬಣ್ಣದ ಮೇಲೆ ಅವಳಿಗೆ ನಂಬಿಕೆ ಇತ್ತು. ನೀವು ರೋಗಿಯ ಹಲ್ಲಿನ ಬಣ್ಣ ಯಾವ ಬೆಳಕಿನಲ್ಲಿ ನೋಡಿ ಬರೆದಿರಿ ಎಂದು ಕೇಳಿದಳು. ಕುರ್ಚಿಯ ಮೇಲಿನ ದೀಪದಲ್ಲಿ ಎಂದರು ಅವರು.

"ಅಲ್ಲೇ ತಪ್ಪಾಗಿರೋದು ಡಾಕ್ಟ್ರೇ. ಆ ದೀಪ ಆರಿಸಿ, ಕಿಟಕಿ ಹತ್ರ ಕೂರಿಸಿ ನೋಡಬೇಕು. ದೀಪದ ಬೆಳಕಲ್ಲಿ ಯಾವ ಬಣ್ಣಾನೂ ನಿಜ ಹೇಳಲ್ಲ..."

ಮಾತು ಅಲ್ಲೇ ನಿಂತುಹೋಯಿತು. ಹಲೋ, ಹಲೋ ಎಂದು ಡಾಕ್ಟರು ಕೂಗುತ್ತಲೇ ಇದ್ದರು.

ನೀಲಿ ದೀಪ. ಎಳೆದ ಪರದೆ. ದೇವರೇ...

ಅರ್ಧ ದಿನ ರಜೆ ಹೇಳಿ ಅವಳು ಮನೆಗೆ ಬಂದವಳೇ ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿದಳು. ಕೊಳವೆಗೆ ನೀರು ತುಂಬಿ, ಹನಿ ಬಿಟ್ಟು, ಅಲುಗಿಸಿ, ಹಗಲಿನ ಬೆಳಕಿನಲ್ಲಿ ಕಾರ್ಡಿನ ಪಕ್ಕ ಹಿಡಿದಳು. ಕಂದು ಎಲ್ಲಿತ್ತು? ಗಾಢ ನೇರಳೆ. ಕಾರ್ಡಿನ ಕೊನೆಯ ಚೌಕದಷ್ಟು ಗಾಢ. ಪರದೆ ಮತ್ತೆ ಎಳೆದು ಅದೇ ಕೊಳವೆಯನ್ನು ಟ್ಯಾಂಕಿನ ನೀಲಿ ದೀಪದಡಿ ಹಿಡಿದಾಗ ನೇರಳೆ ಸತ್ತು, ಕಾರ್ಡಿನ ಕಂದು ಚೌಕದಂಥ ಮಬ್ಬೇ ಉಳಿಯಿತು.

ಅಂದರೆ ನೀರು ಮೊದಲ ದಿನವೂ ಸರಿಯಾಗಿಯೇ ಇತ್ತು. ಚಿಕ್ಕಮ್ಮ ಕಾಣಲಿಲ್ಲವೆಂದು ಒಂದು ಹೊತ್ತು ಮುನಿಸಿಕೊಂಡಿದ್ದ ಮೀನಿಗೆ ಇವಳು ದಿನದಿನವೂ ತನ್ನ ಕೈಯಾರೆ ವಿಷ ಹಾಕಿದ್ದಳು. ಕಲ್ಲಿನ ಹಿಂದೆ ಯಜಮಾನ್ರ ಕಿವಿರು ಬುಸುಬುಸು ಆಡುತ್ತಿತ್ತು.

ಹದಿನಾರು ಬಿಳಿ ಗುರುತಿಸುವ ಕಣ್ಣು! ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಂಗಡಿಗೆ ಓಡಿದಳು. ಅವನಿರಲಿಲ್ಲ. ಉಪ್ಪುನೀರಿನ ಡ್ರಮ್ಮುಗಳೆಲ್ಲ ಬೋರಲು ಬಿದ್ದಿದ್ದವು. ಅವನ ಅಮ್ಮ ಒಬ್ಬರೇ ಗಲ್ಲಕ್ಕೆ ಕೈಯಿಟ್ಟು ಕುಳಿತಿದ್ದರು.

"ಮನೆ ಮನೆಗೆ ಅಲೀತಾ ಇದ್ದಾನಮ್ಮ. ನಮ್ಮ ಉಪ್ಪೇ ಕೆಟ್ಟಿದೆ, ನೀರೆಲ್ಲ ಬದಲಾಯಿಸ್ತೀನಿ ಅಂತ ಕೊಂಡೋರಿಗೆಲ್ಲ ತಾನೇ ಹೇಳಿಬಿಟ್ಟಿದ್ದಾನೆ. ಎಷ್ಟೋ ಜನ ಬೇರೆ ಅಂಗಡಿ ನೋಡ್ಕೊಂಡ್ರು. ಮೊದಲು ಇನ್ನೊಂದ್ಸಲ ಮೀಟರ್ ಇಟ್ಟು ನೋಡೋ ಅಂದ್ರೆ ಏನಂದ ಗೊತ್ತಾ?"

ಅವಳಿಗೆ ಕೇಳುವ ಧೈರ್ಯವಿರಲಿಲ್ಲ. ಅಮ್ಮ ಹೇಳಿಯೇಬಿಟ್ಟರು.

"ಮೀಟರ್ ಸುಳ್ಳು ಹೇಳಬಹುದು ಅಮ್ಮ, ಅವರು ಹೇಳಲ್ಲ ಅಂದ. ಯಾರೋ ಹಲ್ಲಿನ ಲ್ಯಾಬಿನ ಹುಡುಗಿಯಂತೆ."

ಅವಳು ಬೋರಲು ಬಿದ್ದ ಡ್ರಮ್ಮಿನ ಮೇಲೆಯೇ ಕುಳಿತಳು. ಆ ಹುಡುಗಿ ನಾನೇ ಎಂದಳು. ಎಲ್ಲವನ್ನೂ ಹೇಳಿದಳು. ಅಮ್ಮ ಬಯ್ಯಲಿಲ್ಲ. ಅವನು ಬರುವವರೆಗೆ ಕಾಯುವೆಯಾ ಎಂದಷ್ಟೇ ಕೇಳಿದರು. ಬದುಕಿನಲ್ಲಿ ಬಸ್ಸಿಗೂ ನೆಟ್ಟಗೆ ಕಾಯದವಳು ತಲೆಯಾಡಿಸಿದಳು.

ಅವನು ಬಂದಾಗ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಅವಳನ್ನು ಕಂಡ ಕೂಡಲೇ ಆ ದಣಿದ ಮುಖ ಅರಳಿತು. ಅದೇ ಅವಳಿಗೆ ತಡೆಯಲಾಗದೆ ಹೋದದ್ದು.

"ನಾನು ಪುಡಿ ಹಾಕ್ತಿದ್ದೆ" ಎಂದಳು. "ದಿನಾ. ನೀವು ಕೇಳಿದಾಗ ಸುಳ್ಳು ಹೇಳಿದೆ. ನಿಮ್ಮ ಉಪ್ಪು ಸರಿಯಾಗೇ ಇತ್ತು."

ಅರಳಿದ್ದ ಮುಖ ಮೆಲ್ಲಗೆ ಮುಚ್ಚಿಕೊಂಡಿತು.

"ನಾನು ಎದುರಿಗೆ ನಿಂತು ಕೇಳಿದ್ದೆ."

"ಹೌದು."

ಅವನು ಬೋರಲು ಬಿದ್ದ ಡ್ರಮ್ಮುಗಳ ಕಡೆ ನೋಡಿದ, ಅಮ್ಮನ ಕಡೆ ನೋಡಿದ. ಆಮೇಲೆ ಒಂದು ಡ್ರಮ್ ಎತ್ತಿ ನಿಲ್ಲಿಸಿ, ಮೊದಲು ಮೀನು ನೋಡೋಣ ನಡೀರಿ ಎಂದ.

* * *

ಟ್ಯಾಂಕಿನ ನೀರನ್ನು ಸ್ವಲ್ಪ ಸ್ವಲ್ಪವೇ ತೆಗೆದು, ಹೊಸ ಉಪ್ಪುನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಬೇಕಿತ್ತು. ಒಂದೇ ಸಲಕ್ಕೆ ಇಳಿಸಿದರೆ ಅದೂ ಏಟೇ ಎಂದ ಅವನು. ಪೈಪಿನಿಂದ ನೀರು ಬಕೆಟ್ಟಿಗೆ ಬೀಳುವ ಸದ್ದಿನ ನಡುವೆ ಅವಳೇ ಚಿಕ್ಕಪ್ಪನ ಕುರ್ಚಿ ತೋರಿಸಿ, ಆ ದಿನದ ಕಥೆ ಹೇಳಿದಳು. ಸುಮ್ಮನೆ ಬಿಡುವುದೆಂದರೆ ತನಗೇಕೆ ಜೀವ ಹೋದಂತಾಗುತ್ತದೆ ಎಂದು ಹೇಳಿದಳು. ಅವನು ಪೈಪು ಹಿಡಿದ ಕೈ ಅಲುಗಿಸದೆ ಕೇಳಿಸಿಕೊಂಡ.

"ನನ್ನ ಮೇಲೆ ಕೋಪ ಇದೆಯಾ?"

"ಇದೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ."

"ನಾನೀಗ ಏನು ಮಾಡ್ಲಿ, ಹೇಳಿ. ಏನು ಬೇಕಾದ್ರೂ ಮಾಡ್ತೀನಿ."

"ಏನೂ ಮಾಡಬೇಡಿ." ಅವನ ದನಿ ಗಡುಸಾಗಿರಲಿಲ್ಲ, ಬಳಲಿತ್ತು. "ಈ ನೀರಿಗೂ ಅಷ್ಟೇ, ನಂಗೂ ಅಷ್ಟೇ. ಸ್ವಲ್ಪ ದಿನ ಬಿಡಿ. ಇದು ತಾನಾಗೇ ಇಳೀಬೇಕು."

ಅವಳು ಉಳಿದಿದ್ದ ಪುಡಿಯ ಡಬ್ಬಿಯನ್ನೂ ಕಿಟ್ಟನ್ನೂ ಅವನ ಚೀಲಕ್ಕೆ ಹಾಕಿದಳು. ಅವನು ಬೇಡವೆನ್ನಲಿಲ್ಲ. ಆ ವಾರವೆಲ್ಲ ನೀರು ಬದಲಿಸಲು ಬಂದು ಹೋದ. ಕಾಫಿ ಕುಡಿಯಲಿಲ್ಲ. ನೀರು ಹದಕ್ಕೆ ಬಂದ ದಿನ ಇನ್ನು ಬರುವ ಅಗತ್ಯವಿಲ್ಲ ಎಂದು ಹೇಳಿ ಹೊರಟ.

ಅಲ್ಲಿಂದ ಶುರುವಾಯಿತು ಅವಳ ನಿಜವಾದ ಕಷ್ಟ. ಬೆಳಿಗ್ಗೆ ಎದ್ದರೆ ಕೈ ಪುಡಿಯ ಡಬ್ಬಿ ಇದ್ದ ಕಡೆಗೇ ಹೋಗುತ್ತಿತ್ತು. ಸಂಜೆ ಫೋನಿನ ಕಡೆ ಹೋಗುತ್ತಿತ್ತು. 'ಹೇಗಿದ್ದೀರಿ' ಎಂದು ಬರೆದು ಅಳಿಸುತ್ತಿದ್ದಳು, 'ಕ್ಷಮಿಸಿ' ಎಂದು ಬರೆದು ಅಳಿಸುತ್ತಿದ್ದಳು. ಕೊನೆಗೊಮ್ಮೆ ಫೋನನ್ನು ಹಿಟ್ಟಿನ ಡಬ್ಬದೊಳಗೆ ಹಾಕಿಟ್ಟಳು. ಚಿಕ್ಕಮ್ಮ ಕರೆ ಮಾಡಿದಾಗ ಹಿಟ್ಟು ಮೆತ್ತಿದ ಮುಖ ಹೊತ್ತು ಬಂದವಳನ್ನು ನೋಡಿ, "ಏನೇ ಗಡಿಬಿಡಿ, ಹುಷಾರಾಗಿದ್ದೀಯ ತಾನೆ?" ಎಂದು ಅವರು ಗಾಬರಿಬಿದ್ದರು.

ಅವನ ಕೋಪಕ್ಕೆ ಏನೂ ಮಾಡುವಂತಿಲ್ಲ, ನಿಜ. ಆದರೆ ಅವನ ಹೆಸರನ್ನು ಕೆಡಿಸಿದ್ದು ತಾನು. ಅದನ್ನು ಸುಮ್ಮನೆ ಬಿಟ್ಟರೆ ತಾನಾಗಿ ಸರಿಹೋಗುವುದಿಲ್ಲ. ಈ ಎರಡರ ವ್ಯತ್ಯಾಸ ತಿಳಿಯಲು ಅವಳಿಗೆ ಇಷ್ಟು ವಯಸ್ಸಾಗಬೇಕಾಯಿತು.

ಅವಳು ಅವನ ಅಮ್ಮನ ಬಳಿ ಹೋದಳು. ಯಾರ್ಯಾರ ಮನೆಗೆ ಆ ನೀರು ಹೋಗಿತ್ತು ಎಂದು ಕೇಳಿದಳು. ಮಗನಿಗೆ ಹೇಳಬೇಡಿ ಎಂದು ಬೇಡಿದಳು. ಅಮ್ಮ ಅಂಗಡಿಗೆ ಅರೆಬಾಗಿಲು ಹಾಕಿ, "ಮನೆಗಳು ನಂಗೊತ್ತು, ದಾರಿ ನಾನು ತೋರಿಸ್ತೀನಿ" ಎಂದು ಅವಳ ಸ್ಕೂಟರಿನ ಹಿಂದೆ ಹತ್ತಿ ಕುಳಿತೇಬಿಟ್ಟರು.

ಕ್ಲಿನಿಕ್ಕಿನ ಡಾಕ್ಟರಮ್ಮ, ಹೋಟೆಲಿನ ಮಾಲೀಕ, ಮಹಡಿಮನೆಯ ಮುದಿ ವಕೀಲರು... ಒಂದೊಂದು ಬಾಗಿಲಲ್ಲೂ ನಿಂತು ಅವಳು ಅದೇ ಮಾತು ಹೇಳಿದಳು. ಉಪ್ಪು ಕೆಟ್ಟಿರಲಿಲ್ಲ, ನಾನು ಸುಳ್ಳು ಹೇಳಿದ್ದೆ, ಅವರು ನನ್ನನ್ನು ನಂಬಿದರು. ವಕೀಲರು ಒಳಗೆ ಕೂರಿಸಿ ಅಡ್ಡಪ್ರಶ್ನೆ ಹಾಕಿದರು. ಹೋಟೆಲಿನವನು ನಕ್ಕುಬಿಟ್ಟ. ಒಬ್ಬಾಕೆ ಮಾತ್ರ ಬಾಗಿಲಲ್ಲೇ ನಿಲ್ಲಿಸಿ ಚೆನ್ನಾಗಿ ಬೈದರು. ಅವಳು ತಲೆತಗ್ಗಿಸಿ ನಿಂತಳು. ಹಿಂದಿನಿಂದ ಅಮ್ಮ ಅವಳ ಬೆನ್ನಿಗೆ ಕೈಯಿಟ್ಟಿದ್ದರು.

* * *

ಚಿಕ್ಕಮ್ಮ ವಾಪಸು ಬಂದ ದಿನ ಚೀಲ ಕೆಳಗಿಡುವ ಮೊದಲೇ ಟ್ಯಾಂಕಿನ ಮುಂದೆ ನಿಂತರು. ಯಜಮಾನ್ರು ಕಲ್ಲಿನ ಹಿಂದಿನಿಂದ ಗಾಜಿನವರೆಗೂ ನೆಟ್ಟಗೆ ಈಜಿ ಬಂದು, ಅವರ ಮುಖದ ಮುಂದೆ ಬಾಲ ಕುಣಿಸಿದರು. ಚಿಕ್ಕಮ್ಮ ಕಣ್ಣೊರೆಸಿಕೊಂಡರು. ಕಲ್ಲಿನ ಮೇಲೆ ಸಾಲಾಗಿ ಅಂಟಿದ್ದ ಕಿತ್ತಳೆ ಬಣ್ಣದ ಸಣ್ಣ ಕಾಳುಗಳ ಕಡೆ ಅವರ ಕಣ್ಣು ಹೋದದ್ದು ಆಮೇಲೆ.

"ಇದೇನೇ ಇದು?"

"ಮೊಟ್ಟೆ" ಎಂದಿತು ಬಾಗಿಲಲ್ಲಿ ಒಂದು ದನಿ.

ಅವನು! ಚಪ್ಪಲಿ ಬಿಡುತ್ತಿದ್ದ, ಎಂದಿನ ನಿಧಾನದಲ್ಲೇ. ನೀವು ಬರುವ ಸುದ್ದಿ ಅಮ್ಮ ಹೇಳಿದರು, ಮೀನು ನೋಡಿ ಹೋಗೋಣ ಎಂದು ಬಂದೆ ಎಂದ. ನೀರು ಒಂದೇ ಹದದಲ್ಲಿದ್ದರೆ ಮಾತ್ರ ಇವು ಮೊಟ್ಟೆಯಿಡುತ್ತವೆ ಎಂದ. ಯಾರು ಇಟ್ಟದ್ದು ಎಂದು ಚಿಕ್ಕಮ್ಮ ಕೇಳಿದಾಗ ಇಬ್ಬರೂ ಒಟ್ಟಿಗೇ ಸೂರು ನೋಡಿದರು.

ಚಿಕ್ಕಮ್ಮ ಒಮ್ಮೆ ದೊಡ್ಡ ಮೀನನ್ನು, ಒಮ್ಮೆ ಚಿಕ್ಕ ಮೀನನ್ನು ನೋಡಿದರು. ಕೊನೆಗೆ ನಿಟ್ಟುಸಿರಿಟ್ಟು, "ಇವರು ಇದ್ದಾಗಲೂ ಹೀಗೇ, ಏನನ್ನೂ ನಂಗೆ ಹೇಳ್ತಿರಲಿಲ್ಲ" ಎಂದರು. ಅವಳ ಕೆಂಪೇರಿದ ಮುಖವನ್ನೂ ಅವನ ಒದ್ದೆಯಾದ ಹಣೆಯನ್ನೂ ಸರಿಯಾಗಿ ನೋಡಿಕೊಂಡು, ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದರು.

ಕಿಟಕಿಯ ಪರದೆ ಅರ್ಧ ತೆರೆದಿತ್ತು. ಅವನು ಡಬ್ಬಿಯಿಂದ ಮೀಟರ್ ತೆಗೆದ. ಅದ್ದುವ ಮುಂಚೆ ಕೈ ತಡೆದು ಅವಳತ್ತ ತಿರುಗಿದ.

"ಏನಾದ್ರೂ ಹಾಕಿದ್ರಾ?"

ಅವಳು ಈ ಸಲ ಕಣ್ಣು ತಪ್ಪಿಸಲಿಲ್ಲ.

"ಇಲ್ಲ."

ಅವನು ಮೀಟರನ್ನು ನೀರಿಗಿಳಿಸಲೇ ಇಲ್ಲ. ಮತ್ತೆ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ.

ಅವಳಿಗೆ ಅಳು ಒತ್ತಿಕೊಂಡು ಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಇದನ್ನು ಹೇಗೆ ತಡೆದುಕೊಳ್ಳುವುದು?

"ವಕೀಲರು ಫೋನ್ ಮಾಡಿದ್ರು" ಎಂದ ಅವನು ಮೆಲ್ಲಗೆ. "ಸಾಕ್ಷಿ ಒಳ್ಳೆಯವಳು, ಕಳ್ಕೋಬೇಡ ಅಂದ್ರು."

"ಏನೂ ಮಾಡಬೇಡಿ ಅಂದಿದ್ರಿ... ಅದೊಂದು ಮಾಡಿದೆ."

"ಗೊತ್ತು."

"ಕೋಪ... ಇಳೀತಾ?"

"ಕೋಪ ಇಳೀತು." ಅವನು ಅವಳ ಹತ್ತಿರ ಬಂದು ನಿಂತ. "ಇನ್ನೊಂದಿತ್ತು. ಅದೂ ಇಳೀಲಿ ಅಂತ ಇಷ್ಟು ದಿನ ಈ ಕಡೆ ಬರಲಿಲ್ಲ, ಮಾತಾಡಲಿಲ್ಲ, ಏನೂ ಮಾಡಲಿಲ್ಲ. ಅದು ಇದ್ದಲ್ಲೇ ಇದೆ. ನಂಗೆ ನೀವು ಬೇಕು ಕಣ್ರೀ."

ಅವಳ ಕಣ್ಣೀರು ಗಲ್ಲದವರೆಗೂ ಬಂದುಬಿಟ್ಟಿತು. ಒರೆಸಿಕೊಳ್ಳುವ ಗಡಿಬಿಡಿ ಮಾಡಲಿಲ್ಲ. ಅವನ ಕೈಬೆರಳೊಂದನ್ನು ಮಾತ್ರ ಹಿಡಿದಳು. ಅದರಲ್ಲಿ ಒಣಗಿದ ಉಪ್ಪಿನ ತರಿ ಇತ್ತು.

"ನಂಗೂ" ಎಂದಳು. ಆಮೇಲೆ, ಬಿಟ್ಟೀತೇ ಹುಟ್ಟುಗುಣ, ಕೇಳಿಯೇ ಕೇಳಿದಳು. "ಇನ್ನೂ ಎಷ್ಟು ದಿನ ಸುಮ್ನೆ ಇರಬೇಕು ನಾನು?"

ಅವನು ಕಣ್ಣು ಪೂರ್ತಿ ಮುಚ್ಚಿಹೋಗುವಂತೆ ನಕ್ಕ.

"ಇನ್ನು ಬೇಡ."